‘ಮೊದ್ಲ ಒಂದ ಆಗ್ಲಿ, ಆಮ್ಯಾಲ ನೋಡೋಣು’

ಬೆಳಗಾವಿ ಜಿಲ್ಲೆಯ ಸದಲಗಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಮನೆಗಳಲ್ಲಿ ಗರ್ಭನಿರೋಧಕದ ಮಾತು ಏಳುವುದು ಬಹುತೇಕ ಎರಡನೇ ಹೆರಿಗೆಯ ಹೊತ್ತಿಗೆ. ಅದೂ ‘ಆಪರೇಶನ್ ಮಾಡಿಸಿಬಿಡೂಣೇನು?’ ಎಂಬ ಒಂದೇ ಪ್ರಶ್ನೆಯಾಗಿ. ಅದಕ್ಕೂ ಮುಂಚೆ, ಹದಿನೇಳಕ್ಕೋ ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಮದುವೆಯಾಗಿ ಬಂದ ಹುಡುಗಿಗೂ ಅವಳ ಗಂಡನಿಗೂ ಮಗುವನ್ನು ಒಂದೆರಡು ವರ್ಷ ಮುಂದೆ ಹಾಕುವ ದಾರಿಗಳಿವೆ ಎಂದು ಹೇಳುವವರು ಸಿಗುವುದಿಲ್ಲ. ತವರಿನವರಿಗೆ ನಾಚಿಕೆ, ಅತ್ತೆಗೆ ಮೊಮ್ಮಗುವಿನ ಅವಸರ, ದವಾಖಾನೆಯವರು ಕೇಳಿದರಷ್ಟೇ ಹೇಳುವವರು. ಕೇಳುವ ಧೈರ್ಯ ಆ ವಯಸ್ಸಿನ ಸೊಸೆಗೆ ಎಲ್ಲಿಂದ ಬರಬೇಕು?

2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಯಲ್ಲಿ ಈ ಸಂಖ್ಯೆ ಶೇ 21.4 ಇತ್ತು, ಅಂದರೆ ನಡುವಿನ ಇಷ್ಟು ವರ್ಷಗಳಲ್ಲಿ ಅದು ಕದಲಿಲ್ಲ ಎಂದೇ ಲೆಕ್ಕ. ಮದುವೆಯಾದವರಲ್ಲಿ ಶೇ 68.7ರಷ್ಟು ಮಂದಿ ಯಾವುದಾದರೊಂದು ವಿಧಾನ ಬಳಸುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅದರಲ್ಲಿ ಶೇ 57.4 ಹೆಂಗಸರ ಆಪರೇಶನ್ನೇ. ವಿಧಾನ ಬಳಸುವ ಆರು ಮಂದಿಯಲ್ಲಿ ಐವರು ‘ಇನ್ನು ಸಾಕು’ ಎಂದವರು. ‘ಈಗ ಬೇಡ, ಆಮೇಲೆ’ ಎನ್ನಬೇಕಾದ ಹರೆಯದವರಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಜಾಗ ಇಲ್ಲದಂತೆ ಮಾಡಿರುವ ಮಾತುಗಳನ್ನು ಒಂದೊಂದಾಗಿ ನೋಡೋಣ.

‘ಇದೆಲ್ಲಾ ಲಗ್ನ ಆಗದ ಹುಡುಗ್ಯಾರ ಭಾನಗಡಿ’

ಹರೆಯದವರು, ಗರ್ಭನಿರೋಧಕ ಎಂಬ ಎರಡು ಪದ ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ನಮ್ಮ ಕಣ್ಣ ಮುಂದೆ ಕಾಲೇಜು, ಮೊಬೈಲು, ಬೈಕು ಬರುತ್ತವೆ. ಅಂಥ ಹುಡುಗಿಯರು ಇಲ್ಲವೆಂದಲ್ಲ, ಅವರಿಗೂ ದಾರಿ ಬೇಕು. ಆದರೆ ನಮ್ಮ ದೇಶದಲ್ಲಿ ಹತ್ತೊಂಬತ್ತರೊಳಗಿನ ಬಸಿರುಗಳಲ್ಲಿ ಹೆಚ್ಚಿನವು ಮದುವೆಯ ಒಳಗಿನವೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 15ರಿಂದ 19 ವರ್ಷದ ಹುಡುಗಿಯರು ವರ್ಷಕ್ಕೆ ಸುಮಾರು 2.1 ಕೋಟಿ ಸಲ ಬಸಿರಾಗುತ್ತಾರೆ. ಅದರಲ್ಲಿ ಸುಮಾರು ಅರ್ಧ ಬೇಕೆಂದು ಆದದ್ದಲ್ಲ. ತಾಳಿ ಕಟ್ಟಿಸಿಕೊಂಡವಳ ಬಸಿರು ಬೇಕಾದದ್ದೇ ಎಂದು ಊರು ತೀರ್ಮಾನಿಸಿಬಿಟ್ಟಿರುವುದರಿಂದ ಅವಳನ್ನು ಯಾರೂ ಕೇಳುವುದಿಲ್ಲ, ಅಷ್ಟೆ.

ಈ ಭಾಗದಲ್ಲಿ ಬೇಗ ಮದುವೆ ಮಾಡುವುದಕ್ಕೆ ಕಾರಣ ಒಂದೇ ಅಲ್ಲ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಎಂದು ಮೊದಲೇ ಗೊತ್ತಾಗಿರುತ್ತದೆ. ಹತ್ತನೇ ಇಯತ್ತೆ ಮುಗಿದ ಮೇಲೆ ಪಿಯು ಕಾಲೇಜಿಗೆ ಬಸ್ಸಿನಲ್ಲಿ ಹೋಗಬೇಕು, ಅಲ್ಲಿ ‘ಹೆಸರು ಕೆಡುತ್ತದೆ’ ಎಂಬ ಹೆದರಿಕೆ. ನಿಪ್ಪಾಣಿ ಕಡೆ ಬೀಡಿ ಕಟ್ಟುವ ಮನೆಗಳಲ್ಲಿ ಹುಡುಗಿಯ ಕೈ ಬೇಗ ದುಡಿಮೆಗೆ ಬೀಳುತ್ತದೆ, ಶಾಲೆ ಬೇಗ ಬಿಡುತ್ತದೆ. ಇನ್ನು ಕಬ್ಬು. ದೂಧಗಂಗಾ, ಕೃಷ್ಣೆಯ ದಂಡೆಯಲ್ಲಿ ಕಾರ್ಖಾನೆ ಶುರುವಾದರೆ ಮಹಾರಾಷ್ಟ್ರದ ಬೀಡ, ನಮ್ಮ ವಿಜಯಪುರ ಮುಂತಾದ ಕಡೆಗಳಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಆ ವ್ಯವಹಾರದಲ್ಲಿ ಮುಂಗಡ ಸಿಗುವುದು ಜೋಡಿಗೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಒಬ್ಬನೇ ಹುಡುಗನಿಗೆ ಮುಂಗಡ ಕಡಿಮೆ, ಆದ್ದರಿಂದ ಹಂಗಾಮಿಗೆ ಮೊದಲು ಮದುವೆ. ಕಾರ್ಖಾನೆಯ ಬಯಲಿನ ಗುಡಿಸಲಿಗೆ ಬಂದಿಳಿಯುವ ಆ ಸೊಸೆ ಯಾವ ಊರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಇರುವುದಿಲ್ಲ. ಅವಳ ಊರಿನವಳಿಗೆ ಅವಳು ಊರು ಬಿಟ್ಟವಳು, ಇಲ್ಲಿಯವಳಿಗೆ ಹೊರಗಿನವಳು. ಅದೇ ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದ ಸಂಗತಿ 2019ರಲ್ಲಿ ದೊಡ್ಡ ಸುದ್ದಿಯಾಗಿ, ಸರಕಾರ ತನಿಖಾ ಸಮಿತಿ ಮಾಡಬೇಕಾಯಿತು. ಮೊದಲ ವರ್ಷಗಳಲ್ಲಿ ಏನೂ ಸಿಗದ ದೇಹದ ಕಡೆಯ ಅಧ್ಯಾಯ ಹೀಗೂ ಇರುತ್ತದೆ.

ಕರ್ನಾಟಕ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೊದಲಿನಿಂದಲೇ ಅಸಿಂಧು ಮಾಡಿದೆ. ಹೊಳೆಯಾಚೆಯ ಮಹಾರಾಷ್ಟ್ರದಲ್ಲಿ ಕೇಂದ್ರ ಕಾನೂನಿನಂತೆ, ಆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ಕೇಳಿದರೆ ಮಾತ್ರ ಮದುವೆ ರದ್ದಾಗುತ್ತದೆ. ಅರ್ಧ ಬೀಗರು ಆ ದಂಡೆಯಲ್ಲಿರುವ ನಾಡಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಹಾಗಿದ್ದೂ, ಕಾಗದದಲ್ಲಿ ಮದುವೆ ಅಸಿಂಧುವಾದರೆ ಬಸಿರು ನಿಲ್ಲುವುದಿಲ್ಲ. ಮದುವೆ ತಡೆಯುವ ಕೆಲಸ ಒಂದು, ಆಗಿಹೋದ ಮೇಲೆ ಆ ಹುಡುಗಿಯ ಜೀವ ಕಾಯುವುದು ಇನ್ನೊಂದು. ಎರಡನೆಯದನ್ನು ಮಾಡಿದರೆ ಮೊದಲನೆಯದಕ್ಕೆ ಒಪ್ಪಿಗೆ ಕೊಟ್ಟಂತೆ ಎಂದು ಹಿಂಜರಿಯುವ ಅಧಿಕಾರಿಗಳಿದ್ದಾರೆ. ಆ ಹಿಂಜರಿಕೆಗೆ ನನ್ನ ಸಮ್ಮತಿಯಿಲ್ಲ.

‘ಮೊದಲ ಮಗುವಿನಕಿಂತ ಮೊದ್ಲ ಗುಳಿಗಿ ತಗೊಂಡ್ರ ಬಂಜಿ ಆಗ್ತಾರ’

ಎಲ್ಲ ತಪ್ಪು ಕಲ್ಪನೆಗಳ ತಾಯಿ ಇದು. ‘ಮೊದ್ಲ ಒಂದ ಆಗ್ಲಿ’ ಎನ್ನುವ ಮಾತಿನ ಹಿಂದೆ ಇರುವ ಭಯವೂ ಇದೇ.

ಗುಳಿಗೆ ಗರ್ಭಕೋಶವನ್ನು ಒಣಗಿಸುವುದಿಲ್ಲ, ಮುಚ್ಚುವುದಿಲ್ಲ, ಸುಡುವುದಿಲ್ಲ. ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ದಿನಕ್ಕೊಂದರಂತೆ ನುಂಗುವ ಗುಳಿಗೆ; ತಿಂಗಳಿಗೊಮ್ಮೆ ಅಂಡ ಬಿಡುಗಡೆಯಾಗುವುದನ್ನು ತಡೆಹಿಡಿಯುತ್ತದೆ. ನುಂಗುವುದು ನಿಲ್ಲಿಸಿದರೆ ತಡೆ ಹೋಯಿತು, ಬೇಗನೇ ಬಸಿರಾಗಬಹುದು. ಎಷ್ಟು ಬೇಗ ಎಂದರೆ ಎರಡು ಮೂರು ದಿನ ಮರೆತದ್ದಕ್ಕೇ ಬಸಿರಾದವರಿದ್ದಾರೆ; ಬಂಜೆತನದ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೇ? ‘ಛಾಯಾ’ ಗುಳಿಗೆಯಲ್ಲಿ ಹಾರ್ಮೋನೇ ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಂಡುಹಿಡಿದದ್ದು. 1991ರಲ್ಲಿ ‘ಸಹೇಲಿ’ ಎಂಬ ಹೆಸರಲ್ಲಿ ಪೇಟೆಗೆ ಬಂತು, ಈಗ ಸರಕಾರಿ ಕಾರ್ಯಕ್ರಮದಲ್ಲಿದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಗರ್ಭಕೋಶದೊಳಗೆ ಇಡುವ ಕಾಪರ್-ಟಿ ತೆಗೆಸಿದರೆ ಅದರ ಕೆಲಸ ಅಲ್ಲಿಗೆ ಮುಗಿಯಿತು. ತಡವಾಗುವುದು ಒಂದರಲ್ಲಿ ಮಾತ್ರ: ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಸೂಜಿ. ಕೊನೆಯ ಸೂಜಿಯಾದ ಮೇಲೆ ಬಸಿರಾಗಲು ಏಳರಿಂದ ಹತ್ತು ತಿಂಗಳು ಹಿಡಿಯಬಹುದು. ಇದನ್ನು ಮೊದಲೇ ಹೇಳಬೇಕು. ಹೇಳದೆ ಸೂಜಿ ಚುಚ್ಚಿ ಕಳಿಸಿದರೆ ಆರು ತಿಂಗಳು ಕಾದ ಅತ್ತೆ ಊರಿಗೆಲ್ಲಾ ‘ಸೂಜಿ ಮಾಡಿಸಿದ್ದಕ್ಕ ಸೊಸಿ ಬಂಜಿ ಆದಳು’ ಎಂದು ಸಾರುತ್ತಾಳೆ. ಆಮೇಲೆ ಆ ಓಣಿಯಲ್ಲಿ ಯಾರೂ ಅತ್ತ ಸುಳಿಯುವುದಿಲ್ಲ.

ವಯಸ್ಸು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಯಾವ ವಿಧಾನವನ್ನೂ ನಿರಾಕರಿಸಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮಗು ಹೆರದವರಿಗೂ ಗುಳಿಗೆ ಸಲ್ಲುತ್ತದೆ. ಇಪ್ಪತ್ತರೊಳಗಿನವರಿಗೆ ಕಾಪರ್-ಟಿ, ಹದಿನೆಂಟರೊಳಗಿನವರಿಗೆ ಸೂಜಿ ಎಂದರೆ ಸಾಧಕ ಬಾಧಕ ನೋಡಿ ಕೊಡಬೇಕು. ಸೂಜಿ ಬಳಸುವಷ್ಟು ಕಾಲ ಎಲುಬಿನ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಬಿಟ್ಟ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ. ‘ಕೊಡಲೇಬಾರದು’ ಎಂದು ಎಲ್ಲೂ ಇಲ್ಲ.

ಇದರ ಪಕ್ಕದಲ್ಲಿ ಹದಿನೇಳರ ಬಸಿರನ್ನು ಇಟ್ಟು ನೋಡಿ. ಆ ವಯಸ್ಸಿನ ತಾಯಂದಿರಿಗೆ ರಕ್ತದೊತ್ತಡ ಏರಿ ಬರುವ ಸೆಳವು, ಬಾಣಂತಿ ನಂಜು ಹೆಚ್ಚು. ಮಗು ದಿನ ತುಂಬದೆ, ತೂಕವಿಲ್ಲದೆ ಹುಟ್ಟುವುದು ಹೆಚ್ಚು. ರಾಜ್ಯದ ಹರೆಯದ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೈಯಲ್ಲಿ ರಕ್ತವೇ ಕಡಿಮೆ. ಗುಳಿಗೆ ‘ಹೀಟು’ ಎಂದು ಹೆದರುವ ಮನೆ ಈ ಬಸಿರಿಗೆ ಹೆದರುವುದಿಲ್ಲ ಎಂಬುದೇ ಸೋಜಿಗ.

‘ಸೂಜಿ ಮಾಡಿಸ್ಕೊಂಡ್ರ ಹೊಲಸ ರಕ್ತ ಒಳಗ ಕೂಡತೈತಿ’

‘ಅಂತರಾ’ ಬಳಸುವವರಿಗೆ ಮೊದಮೊದಲು ಅಡ್ಡಾದಿಡ್ಡಿ ಮುಟ್ಟು, ಆಮೇಲೆ ಹಲವರಿಗೆ ಮುಟ್ಟೇ ನಿಲ್ಲುತ್ತದೆ. ರಕ್ತ ಒಳಗೆ ಎಲ್ಲೂ ಕೂಡುವುದಿಲ್ಲ. ಗರ್ಭಕೋಶದ ಒಳಪದರ ತೆಳ್ಳಗೇ ಉಳಿಯುವುದರಿಂದ ಹೊರಬೀಳುವುದಕ್ಕೆ ಏನೂ ಇರುವುದಿಲ್ಲ.

ವೈದ್ಯಕೀಯದ ಮಾತು ಇಲ್ಲಿಗೆ ಮುಗಿಯಿತು. ಮನೆಯ ಮಾತು ಮುಗಿಯಲಿಲ್ಲ. ಹೊರಗಾದವಳು ದೇವರ ಕೋಣೆಗೆ ಹೋಗಬಾರದೆಂಬ ಮನೆಯಲ್ಲಿ ಸೊಸೆಯ ಮುಟ್ಟಿನ ತಾರೀಖು ಅತ್ತೆಗೂ ವೈನಿಗೂ ಬಾಯಿಪಾಠ. ತಿಂಗಳು ತಪ್ಪಿದರೆ ಸಕ್ಕರೆ ಹಂಚುವ ಸಂಭ್ರಮ, ಅದು ಸುಳ್ಳಾದರೆ ವಿಚಾರಣೆ. ಇನ್ನು ಗುಳಿಗೆಯ ಚೀಟಿ ಟ್ರಂಕಿನಲ್ಲಿ ಸಿಕ್ಕಿಬೀಳುತ್ತದೆ. ಹಾಗಾಗಿ ಯಾವ ವಿಧಾನ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ದೇಹದಲ್ಲಿ ಅರ್ಧ, ಮನೆಯಲ್ಲಿ ಅರ್ಧ ಇರುತ್ತದೆ. ‘ನಿನ್ನ ತಿಂಗಳ ಲೆಕ್ಕ ಮನೆಯಲ್ಲಿ ಯಾರಿಡುತ್ತಾರೆ?’ ಎಂದು ಕೇಳುವ ಸಿಸ್ಟರ್ ಸಿಕ್ಕರೆ ಆ ಹುಡುಗಿಯ ಪುಣ್ಯ. ಸಾಧ್ಯವಿದ್ದರೆ ಅತ್ತೆಯನ್ನೂ ಕೂಡ್ರಿಸಿಕೊಂಡು ಹೇಳುವುದು ಇನ್ನೂ ಮೇಲು. ನಮ್ಮ ಅತ್ತೆಯಂದಿರು ಬಿಡಿಸಿ ಹೇಳಿದರೆ ಕೇಳದವರಲ್ಲ. ಅವರಿಗೂ ಇದುವರೆಗೆ ಯಾರೂ ಹೇಳಿಲ್ಲ.

‘ಮೊದಲ ಸಲಕ್ಕ ಏನೂ ಆಗೂದಿಲ್ಲ’

ಆಗುತ್ತದೆ. ದಿನಗಳ ಲೆಕ್ಕ ಹಾಕಿ ‘ಸೇಫ್’ ಎನ್ನುವುದೂ ಹರೆಯದವರಿಗೆ ನಂಬಿಕಸ್ಥ ದಾರಿಯಲ್ಲ. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ. ಮುಟ್ಟೇ ಸರಿಯಾಗಿ ಕೂತಿರದ ವಯಸ್ಸಿನಲ್ಲಿ ‘ಮುಂದಿನದು’ ಯಾವತ್ತು ಎಂದು ಯಾರಿಗೆ ಗೊತ್ತು?

‘ಎಪ್ಪತ್ತೆರಡು ತಾಸಿನ ಗುಳಿಗಿ ಅಂದ್ರ ಹೊಟ್ಟಿ ತೆಗಿಯೂ ಗುಳಿಗಿ’

ಎರಡು ಬೇರೆ ಬೇರೆ ಔಷಧಗಳನ್ನು ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಒಂದು ಮಾಡಿದ್ದೇವೆ. ತುರ್ತು ಗುಳಿಗೆ, ಅಂದರೆ ಆಶಾ ಕಾರ್ಯಕರ್ತೆಯ ಚೀಲದಲ್ಲೂ ಇರುವ ‘ಈಜಿ ಪಿಲ್’, ಲೆವೊನಾರ್‌ಜೆಸ್ಟ್ರೆಲ್ ಎಂಬ ಔಷಧ. ಅಂಡ ಬಿಡುಗಡೆಯಾಗುವುದನ್ನು ಮುಂದೂಡುತ್ತದೆ. 72 ತಾಸಿನೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಕೆಲಸ. ಬಸಿರು ನಿಂತುಬಿಟ್ಟಿದ್ದರೆ ಅದನ್ನು ತೆಗೆಯುವುದೂ ಇಲ್ಲ, ಕೆಡಿಸುವುದೂ ಇಲ್ಲ. 2005ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ. ತಿಂಗಳಿಗೆ ನಾಲ್ಕು ಸಲ ನುಂಗುವುದಕ್ಕೆ ಮಾಡಿದ್ದಲ್ಲ. ಹಾಗೆ ನುಂಗಿದರೆ ಜೀವಕ್ಕೇನೂ ಆಗದಿದ್ದರೂ ಮುಟ್ಟು ಹದಗೆಡುತ್ತದೆ, ದಿನದ ಗುಳಿಗೆಯಷ್ಟು ಭರವಸೆಯೂ ಇಲ್ಲ.

ಗರ್ಭಪಾತದ ಗುಳಿಗೆಗಳು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ವೈದ್ಯರ ಚೀಟಿ ಬೇಕೇ ಬೇಕು. ಎಷ್ಟು ವಾರ ಎಂದು ನೋಡದೆ, ಗರ್ಭ ನಳಿಕೆಯಲ್ಲಿ ನಿಂತಿದೆಯೇ ಎಂದು ತಿಳಿಯದೆ, ಹೊಳೆಯಾಚೆಯ ಪೇಟೆಯಿಂದ ಯಾರೋ ತಂದುಕೊಟ್ಟದ್ದನ್ನು ಹಿತ್ತಲಲ್ಲಿ ನುಂಗಿದ ಹುಡುಗಿ ರಕ್ತ ಹೋಗಿ ಸಾಯಬಹುದು. ಗುಳಿಗೆಯ ತಪ್ಪಲ್ಲ ಅದು. ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು 2002ರಿಂದ 2005ರವರೆಗೆ 1,620 ಹೆಂಗಸರ ಮೇಲೆ ನಡೆಸಿದ ಅಧ್ಯಯನ ಲೋಕಪ್ರಸಿದ್ಧ. ಹೆರಿಗೆಯಾದ ಕೂಡಲೇ ನರ್ಸಬಾಯಿಯರು ಕೊಟ್ಟ ಇದೇ ಮಿಸೊಪ್ರೊಸ್ಟಾಲ್ ಬಾಣಂತಿಯರ ಅತಿರಕ್ತಸ್ರಾವವನ್ನು ಶೇ 12ರಿಂದ ಶೇ 6.4ಕ್ಕೆ ಇಳಿಸಿತು. ಬಲ್ಲವರ ಕೈಯಲ್ಲಿ ಅದೇ ಗುಳಿಗೆ ರಕ್ತ ನಿಲ್ಲಿಸಿದೆ.

‘ನಿರೋಧ ಅಂದ್ರ ಕೆಟ್ಟ ಮಂದೀದು’

ಈ ಮಾತಿಗೆ ಇಲ್ಲಿ ಒಂದು ಇತಿಹಾಸವಿದೆ. ಎಚ್‌ಐವಿ ಹಬ್ಬಿದ ಕಾಲದಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ, ಗಡಿಯಾಚೆ ಸಾಂಗಲಿಗೆ ಬಲವಾದ ಪೆಟ್ಟು ಬಿತ್ತು. ಕಾಂಡೋಮ್ ಪೆಟ್ಟಿಗೆಗಳು ಮೊದಲು ಹೋದದ್ದು ಲೈಂಗಿಕ ವೃತ್ತಿಯ ಹೆಂಗಸರ ಓಣಿಗೆ, ಲಾರಿ ಧಾಬಾಗಳಿಗೆ. ಅವರು ಜೀವ ಉಳಿಸಿಕೊಂಡರು. ನಾವು ಮನೆಯವರು ಅದನ್ನು ಅವರ ಗುರುತು ಎಂದು ಮುದ್ರೆ ಒತ್ತಿದೆವು. ‘ನಿರೋಧ್’ ಹುಟ್ಟಿದ್ದು 1968ರಲ್ಲಿ, ಏಡ್ಸ್ ಎಂಬ ಹೆಸರು ಕೇಳುವುದಕ್ಕೂ ಬಹಳ ಮುಂಚೆ, ಸಂಸಾರಸ್ಥರಿಗಾಗಿಯೇ. ಬಸಿರನ್ನೂ ರೋಗವನ್ನೂ ಒಟ್ಟಿಗೆ ತಡೆಯುವುದು ಅದೊಂದೇ. ಸರಿಯಾಗಿ, ಪ್ರತಿಸಲ ಬಳಸದಿದ್ದರೆ ತಪ್ಪುವುದೂ ಉಂಟು: ವಾಡಿಕೆಯ ಬಳಕೆಯಲ್ಲಿ ವರ್ಷಕ್ಕೆ ನೂರಕ್ಕೆ ಹದಿಮೂರು ಜೋಡಿಗಳಿಗೆ. ಏನೂ ಬಳಸದಿದ್ದರೆ ನೂರಕ್ಕೆ ಎಂಬತ್ತೈದು.

ಇದರಲ್ಲಿ ಹುಡುಗನ ಪಾತ್ರವೂ ಬಂತು. ಐದನೇ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರ ಆಪರೇಶನ್ ಹೆಚ್ಚುಕಡಿಮೆ ಸೊನ್ನೆ. ಗಂಡ ಮಾಡಬಹುದಾದ ಒಂದೇ ಒಂದು ಸಣ್ಣ ಕೆಲಸಕ್ಕೂ ನಾವು ಕೆಟ್ಟ ಹೆಸರು ಇಟ್ಟು ಕೂತಿದ್ದೇವೆ.

‘ಹೇಳಿಕೊಟ್ರ ಹುಡುಗ್ರು ಕೆಡ್ತಾವ, ಇದು ನಮ್ಮ ಸಂಸ್ಕೃತಿ ಅಲ್ಲ’

1930ರಲ್ಲಿ ಮೈಸೂರು ಸಂಸ್ಥಾನದ ಸರಕಾರ ಬೆಂಗಳೂರು, ಮೈಸೂರಿನ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಮಾಡಿತು. ಸರಕಾರವೇ ನಡೆಸಿದ ಇಂಥ ಚಿಕಿತ್ಸಾಲಯ ಜಗತ್ತಿನಲ್ಲೇ ಮೊದಲನೆಯದೆಂದು ಹೇಳುತ್ತಾರೆ. ಆಗ ಈ ಬೆಳಗಾವಿ ಸೀಮೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಆ ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ 1921ರಲ್ಲೇ ಚಿಕಿತ್ಸಾಲಯ ತೆರೆದಿದ್ದರು. 1927ರಿಂದ ಸಾಯುವವರೆಗೆ, 1953ರ ತನಕ, ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕ ನಡೆಸಿದರು. ಅಶ್ಲೀಲವೆಂದು ಮೊಕದ್ದಮೆ ಬಿತ್ತು. 1934ರಲ್ಲಿ ಅವರ ಪರ ನಿಂತು ವಾದಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಕನ್ನಡದಲ್ಲಿ ವೈದ್ಯೆ ಅನುಪಮಾ ನಿರಂಜನ ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಬರೆದರು, ಮನೆಮನೆಯ ಹೆಣ್ಣುಮಕ್ಕಳು ಓದಿದರು. ಎರಡೂ ಭಾಷೆ ಆಡುವ ನಮ್ಮ ಗಡಿಸೀಮೆಗೆ ಎರಡೂ ಕಡೆಯಿಂದ ಈ ಆಸ್ತಿ ಬಂದಿದೆ. ಪರದೇಶದ ಸರಕು ಎನ್ನುವವರು ತಮ್ಮ ಅಟ್ಟವನ್ನೇ ಹುಡುಕಿಲ್ಲ.

ಇಂಥ ನಾಡಿನಲ್ಲೇ 2007ರಲ್ಲಿ ಶಾಲೆಗಳಿಗೆ ಬಂದ ಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಬೇಡವೆಂದ ರಾಜ್ಯಗಳ ಸಾಲಿಗೆ ಕರ್ನಾಟಕ ಸೇರಿತು, ಮಹಾರಾಷ್ಟ್ರವೂ. ತಿಳಿಸಿದರೆ ಕೆಡುತ್ತಾರೆಯೇ ಎಂಬುದನ್ನು ಯುನೆಸ್ಕೊ 2009ರಲ್ಲಿ ನಾನಾ ದೇಶಗಳ 87 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. 2018ರಲ್ಲಿ ಮತ್ತೆ ಪರಿಷ್ಕರಿಸಿತು. ಲೈಂಗಿಕ ಶಿಕ್ಷಣದಿಂದ ಮಕ್ಕಳು ಬೇಗ ಶುರು ಮಾಡುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಎಷ್ಟೋ ಕಡೆ ತಡವಾಗಿ ಶುರುಮಾಡಿದ್ದೂ, ಶುರುಮಾಡಿದಾಗ ಕಾಂಡೋಮ್ ಬಳಸಿದ್ದೂ ಕಂಡಿತು.

‘ಹದಿನೆಂಟು ತುಂಬದವರಿಗೆ ಕೊಟ್ರ ಜೇಲು’

ಇದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಗರ್ಭನಿರೋಧಕ ಕೊಳ್ಳುವುದಕ್ಕೋ ಕೊಡುವುದಕ್ಕೋ ಇಂತಿಷ್ಟು ವಯಸ್ಸಾಗಿರಬೇಕು ಎಂಬ ಕಾನೂನಿಲ್ಲ. 2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲವು ಶಾಲೆಗಳವರು ಮೊಬೈಲ್ ಹುಡುಕಲು ಮಕ್ಕಳ ಚೀಲ ತೆರೆದಾಗ ಕಾಂಡೋಮ್, ಗುಳಿಗೆ ಸಿಕ್ಕವೆಂದು ಗುಲ್ಲಾಯಿತು. ಅದರ ಬೆನ್ನಿಗೆ, 2023ರ ಜನವರಿಯಲ್ಲಿ, ಹದಿನೆಂಟರೊಳಗಿನವರಿಗೆ ಇವನ್ನು ಮಾರಬಾರದೆಂದು ರಾಜ್ಯದ ಔಷಧ ನಿಯಂತ್ರಣ ಇಲಾಖೆ ಆದೇಶಿಸಿದೆ ಎಂದು ಸುದ್ದಿ ಹಬ್ಬಿತು. ನಿಷೇಧ ಹಾಕಿಲ್ಲ, ತಿಳಿಹೇಳಿ ಎಂದಿದ್ದೇವೆ ಅಷ್ಟೇ ಎಂದು ಇಲಾಖೆ ಸ್ಪಷ್ಟಪಡಿಸಿತು. ಸುದ್ದಿ ಎಲ್ಲರಿಗೂ ಮುಟ್ಟಿತು, ಸ್ಪಷ್ಟನೆ ಯಾರಿಗೂ ಮುಟ್ಟಲಿಲ್ಲ.

ನಿಜವಾದ ಅರ್ಧ ಪೋಕ್ಸೊ. 2012ರ ಆ ಕಾನೂನು ಹದಿನೆಂಟರೊಳಗಿನವರ ಒಪ್ಪಿಗೆಯನ್ನು ಒಪ್ಪಿಗೆಯೆಂದು ಗಣಿಸುವುದಿಲ್ಲ. ಹೆಂಡತಿಯಾದರೂ ಅಷ್ಟೇ: 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪಿತ್ತಿತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಇದೆ. ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ವೈದ್ಯರೂ ನರ್ಸರೂ ಇದಕ್ಕೆ ಹೊರತಲ್ಲ. ಮಕ್ಕಳನ್ನು ಕೆಡಿಸುವವರನ್ನು ಹಿಡಿಯಲು ಮಾಡಿದ ಈ ಗಟ್ಟಿ ಕಾನೂನು ಬೇಕೇ ಬೇಕು. ಆದರೆ ಹದಿನೇಳರ ಸೊಸೆ ದವಾಖಾನೆಗೆ ಬಂದರೆ ತಾಯಿ ಕಾರ್ಡ್ ಮಾಡುವ ಸಿಸ್ಟರ್‌ಗೂ ಇಕ್ಕಟ್ಟು, ಗಂಡನಿಗೂ ಭಯ. ಫಲ ಏನೆಂದರೆ ವಯಸ್ಸು ಹತ್ತೊಂಬತ್ತು ಎಂದು ಬರೆಸುವುದು, ಇಲ್ಲವೇ ಬರುವುದನ್ನೇ ಬಿಡುವುದು.

ನ್ಯಾಯಾಲಯಗಳಿಗೂ ಈ ಗಂಟು ಕಂಡಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪಾಲಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ ಎಂದಿತು. ಮದುವೆಯಾಗದವರಿಗೂ ಮದುವೆಯಾದವರಷ್ಟೇ ಹಕ್ಕಿದೆ ಎಂದದ್ದೂ ಅದೇ ತೀರ್ಪು. ಅದೇ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಹದಿನಾರು ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋದ ಪ್ರಕರಣಗಳು ಹೆಚ್ಚುತ್ತಿರುವುದನ್ನು ಕಂಡು, ಒಪ್ಪಿಗೆಯ ವಯಸ್ಸನ್ನು ಮತ್ತೊಮ್ಮೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. 2023ರ ತನ್ನ 283ನೇ ವರದಿಯಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡವೆಂದಿತು. 16ರಿಂದ 18ರ ನಡುವಿನವರ ವಿಷಯದಲ್ಲಿ ನ್ಯಾಯಾಧೀಶರಿಗೆ ಶಿಕ್ಷೆಯ ವಿವೇಚನೆ ಇರಲಿ ಎಂದಿತು. ಈ ಗಂಟನ್ನು ಸಂಸತ್ತು ಬಿಚ್ಚಬೇಕು, ಸದಲಗಾದ ಆಶಾ ಕಾರ್ಯಕರ್ತೆಯಿಂದ ಆಗುವ ಕೆಲಸವಲ್ಲ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಹರೆಯ ಎಂದರೆ 10ರಿಂದ 19. ಹದಿನೆಂಟು ತುಂಬಿದ ದಿನವೇ ಮದುವೆಗೆ ಮುಹೂರ್ತ ಇಡುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಹದಿನೆಂಟು, ಹತ್ತೊಂಬತ್ತರ ಆ ಸೊಸೆಯಂದಿರಿಗೆ ಗುಳಿಗೆ, ಸೂಜಿ, ಕಾಪರ್-ಟಿ ಕೊಡುವುದಕ್ಕೆ ಪೋಕ್ಸೊ ಅಡ್ಡ ಬರುವುದಿಲ್ಲ, ಬೇರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅವರಿಗೂ ನಾವು ಕೊಡುತ್ತಿಲ್ಲ. ಕಾನೂನಿನ ಹೆಸರು ಹೇಳಿ ಸಂಕೋಚವನ್ನು ಮುಚ್ಚಿಟ್ಟುಕೊಂಡಿದ್ದೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

‘ದವಾಖಾನ್ಯಾಗ ಪುಕ್ಕಟೆ ಸಿಗತೈತಿ, ಮತ್ತೇನು ತೊಂದ್ರಿ?’

ಸಿಗುವುದು ನಿಜ. 2011ರಿಂದ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ತಂದುಕೊಡುವ ಯೋಜನೆಯಿದೆ: ಮೂರು ಕಾಂಡೋಮಿಗೆ ಒಂದು ರೂಪಾಯಿ, ತಿಂಗಳ ಗುಳಿಗೆಗೆ ಒಂದು, ತುರ್ತು ಗುಳಿಗೆಗೆ ಎರಡು. 2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ.

ಆದರೆ ಆಶಾ ಅದೇ ಊರಿನವಳು, ಅತ್ತೆಯ ಗೆಳತಿಯೋ ಸಂಬಂಧಿಯೋ ಆಗಿರುತ್ತಾಳೆ. ಅವಳ ಕೈಯಿಂದ ಹತ್ತೊಂಬತ್ತರ ಸೊಸೆ ಗುಟ್ಟಾಗಿ ಏನು ತೆಗೆದುಕೊಂಡಾಳು? ದವಾಖಾನೆಯ ಕಟ್ಟೆಯ ಮೇಲೆ ಕೂತವರೆಲ್ಲ ಪರಿಚಯದವರು. ‘ಯಾಕ ಬಂದೀ ಬಾಳಾ?’ ಎಂದು ಅಕ್ಕರೆಯಿಂದ ಕೇಳಿದರೂ ಅವಳು ‘ತಲಿನೋವು’ ಎಂದೇ ಹೇಳಿ ವಾಪಸಾಗುತ್ತಾಳೆ. ಅದಕ್ಕೇ ದುಡ್ಡಿದ್ದವರು ಇಚಲಕರಂಜಿಗೋ ಮಿರಜಿಗೋ ಹೋಗಿ ಗುರುತಿಲ್ಲದ ಮೆಡಿಕಲ್‌ನಲ್ಲಿ ಕೊಳ್ಳುತ್ತಾರೆ. ಗರ್ಭನಿರೋಧಕ ಎಟುಕಬೇಕೆಂದರೆ ಗುಟ್ಟೂ ಎಟುಕಬೇಕು.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸದಲಗಾದ ಹುಡುಗಿ ಆಧಾರ್ ತೋರಿಸಿ ಚಿಕ್ಕೋಡಿಗೋ ಬೆಳಗಾವಿಗೋ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಿ ಬರಬಹುದು. ಗುರುತಿಲ್ಲದ ಊರಿನ ಸರಕಾರಿ ಆಸ್ಪತ್ರೆಗೆ ಹೋಗಲು ಮೊದಲ ಸಲ ಅವಳಿಗೆ ಯಾರ ಕೈಯಲ್ಲೂ ದುಡ್ಡು ಕೇಳುವ ಕೆಲಸವಿಲ್ಲ. ಆಸ್ಪತ್ರೆಯವರು ಸ್ನೇಹ ಕ್ಲಿನಿಕ್ಕಿಗೆ ಬೇರೆ ಬಾಗಿಲು, ಸಂತೆಯ ದಿನ ಸಂಜೆಯ ವೇಳೆ ಇಟ್ಟರೆ ಈ ಬಸ್ಸು ಸಾರ್ಥಕವಾದೀತು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಬಯಲಿಗೆ ತಿಂಗಳಿಗೊಮ್ಮೆ ಸಿಸ್ಟರ್ ಹೋಗಿಬಂದರೆ ಪಟ್ಟಿಯಿಂದ ಬಿಟ್ಟುಹೋದವರೂ ಸಿಗುತ್ತಾರೆ. ಸೂಜಿಯ ತಾರೀಖು ತಪ್ಪಿತೆಂದು ಅವರನ್ನು ಹಿಂದೆ ಕಳಿಸಬೇಕಿಲ್ಲ. ನಾಲ್ಕು ವಾರ ತಡವಾದರೂ ಕೊಡಬಹುದು.

ಹೊರಗೆ ಮಾಡಿ ತೋರಿಸಿದವರಿದ್ದಾರೆ. ಬಿಹಾರದಲ್ಲಿ 2001ರಿಂದ ನಡೆದ ‘ಪ್ರಚಾರ್’ ಯೋಜನೆ ಹೊಸದಾಗಿ ಮದುವೆಯಾದ ಜೋಡಿಗಳನ್ನೂ ಅತ್ತೆಯಂದಿರನ್ನೂ ಬೇರೆಬೇರೆಯಾಗಿ ಕೂಡ್ರಿಸಿ ಮಾತಾಡಿಸಿತು. ಮೊದಲ ಮಗು ತಡವಾಗಿ ಬಂತು. ಇಥಿಯೋಪಿಯಾದ ‘ಸ್ಮಾರ್ಟ್ ಸ್ಟಾರ್ಟ್’ನಲ್ಲಿ ಆರೋಗ್ಯ ಕಾರ್ಯಕರ್ತೆ ಮೊದಲು ಗುಳಿಗೆಯ ಮಾತೇ ತೆಗೆಯುವುದಿಲ್ಲ. ‘ಮನೆ ಕಟ್ಟಲು ಏನು ಬೇಕು, ಎಷ್ಟು ಉಳಿಸಿದ್ದೀರಿ, ಮಗುವಿಗೆ ಎಷ್ಟು ಖರ್ಚು?’ ಎಂದು ಗಂಡ ಹೆಂಡತಿಯ ಜೊತೆ ಲೆಕ್ಕ ಹಾಕುತ್ತಾಳೆ. ಮುಂಗಡದ ಸಾಲ, ಎಮ್ಮೆ, ಪತ್ರಾಸಿನ ಮನೆ ಎಂದು ದಿನವೂ ಲೆಕ್ಕ ಹಾಕುವ ನಮ್ಮ ಜೋಡಿಗಳಿಗೆ ಈ ಮಾತು ಬೇಗ ಮುಟ್ಟುತ್ತದೆ.

ಮೊದಲ ಹೆರಿಗೆ ಆಗಿಯೇ ಹೋಗಿದ್ದರೂ ಹೊತ್ತು ಮೀರಿಲ್ಲ. 48 ತಾಸಿನೊಳಗೆ ಆಸ್ಪತ್ರೆಯಲ್ಲೇ ಕಾಪರ್-ಟಿ ಹಾಕಿಸಬಹುದು. ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ ಎರಡು ವರ್ಷ ಅಂತರ ಬೇಕು. ಆಪರೇಶನ್ನಿಗೆ ಸರಕಾರದ ನಿಯಮದಂತೆ 22 ವರ್ಷ ದಾಟಿರಬೇಕು, ಒಂದು ವರ್ಷ ಮೀರಿದ ಮಗು ಒಂದಾದರೂ ಇರಬೇಕು. ಹದಿನೆಂಟರಿಂದ ಇಪ್ಪತ್ತೆರಡರ ನಡುವಿನ ಆ ನಾಲ್ಕು ವರ್ಷಕ್ಕೆ ಮುಖ್ಯವಾಗಿ ಇರುವುದು ಗುಳಿಗೆ, ಸೂಜಿ, ಕಾಪರ್-ಟಿ, ಕಾಂಡೋಮ್.

ಮನೆಗೆ ಹೊಸ ಸೊಸೆ ಬಂದಿದ್ದರೆ ಅವಳನ್ನೂ ಮಗನನ್ನೂ ಒಮ್ಮೆ ದವಾಖಾನೆಗೆ ಕಳಿಸಿ. ಹೋಗಲು ನಾಚಿಕೆಯಾದರೆ ಆರೋಗ್ಯವಾಣಿ 104ಕ್ಕೆ ಫೋನ್ ಮಾಡಿ ಕೇಳಲಿ, ದುಡ್ಡು ಬೀಳುವುದಿಲ್ಲ. ಹದಿನೆಂಟು ತುಂಬದ ಹುಡುಗಿಯ ಮದುವೆಯ ಸುಳಿವು ಸಿಕ್ಕರೆ 1098ಕ್ಕೆ ತಿಳಿಸಿ.